ಪುಕ್ಕಟೆ ಕೆಲಸಕ್ಕೂ ಹೊಣೆ ಉಂಟೇ?

ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಮುಗಿಯುತ್ತಾ ಬಂದಿತ್ತು. ತೋತಾಪುರಿ ತುಂಬಿದ ಲಾರಿಗಳು ಚಿತ್ತೂರಿನ ಕಾರ್ಖಾನೆಗಳ ಕಡೆ ಹೊರಡಲು ಮಂಡಿಗಳ ಮುಂದೆ ಸಾಲಾಗಿ ನಿಂತಿದ್ದವು. ಅಲ್ಲಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬ, ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದವನು, ಫೋನು ಮಾಡಿ ಬರಹೇಳಿದ. ಕೋಲಾರದಿಂದ ಬಸ್ಸು ಹತ್ತಿ ಹೋದೆ. ಅವನು ಕಂಪ್ಯೂಟರಿನ ಮುಂದೆ ಮುಖ ಬಾಡಿಸಿಕೊಂಡು ಕುಳಿತಿದ್ದ. ರೈತರಿಗೆ ಹಿಂದಿನ ವರ್ಷ ಕೊಟ್ಟಿದ್ದ ಮುಂಗಡದ ಲೆಕ್ಕವೆಲ್ಲ ಮಾಯವಾಗಿತ್ತು.

"ಸಾರ್, ಮೇಲೆ ಬರೆಯಬೇಕೇ ಅಂತ ಕೇಳ್ತು. ಹೂಂ ಅಂತ ಒತ್ತಿದೆ. ಹಳೇದರ ಮೇಲುಗಡೆ ಹೊಸದು ಸೇರ್ಕೊಳ್ಳುತ್ತೆ, ಹಳೇದು ಕೆಳಗಡೆ ಇದ್ದೇ ಇರುತ್ತೆ ಅಂದ್ಕೊಂಡೆ. ಸಹಾಯದ ಪುಟ ತೆಗೆದು ನೋಡಿದೆ, ಅಲ್ಲೂ ಹಂಗೇ ಇತ್ತು."

ನನಗೆ ಮಾತು ಹೊರಡಲಿಲ್ಲ. ಯಾಕೆಂದರೆ 'ಮೇಲೆ ಬರೆ' ಎಂಬ ಆ ಎರಡು ಪದಗಳನ್ನು ಆ ತಂತ್ರಾಂಶಕ್ಕೆ ಬರೆದುಕೊಟ್ಟವನು ನಾನೇ. ಇಂಗ್ಲಿಷಿನಲ್ಲಿ ಅದು 'ಓವರ್‌ರೈಟ್'. ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುವುದು ಎಂದು ಅದರ ಅರ್ಥ. ನಾನು ಪದಕ್ಕೆ ಪದ ಇಟ್ಟು ಮುಂದೆ ಹೋಗಿದ್ದೆ. ಆ ರಾತ್ರಿ ಅಂಥ ಎಪ್ಪತ್ತು ಎಂಬತ್ತು ಸಾಲುಗಳನ್ನು ಮುಗಿಸಿ, ಕನ್ನಡಕ್ಕೆ ಒಂದಿಷ್ಟು ಸೇವೆ ಮಾಡಿದೆನೆಂಬ ತೃಪ್ತಿಯಲ್ಲಿ ಮಲಗಿದ್ದೆ. ಅದಕ್ಕಾಗಿ ನನಗೆ ಯಾರೂ ಒಂದು ಪೈಸೆ ಕೊಟ್ಟಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

ಈಗ ಪ್ರಶ್ನೆ ಇದು. ದುಡ್ಡು ತೆಗೆದುಕೊಳ್ಳದೆ, ಯಾರ ಒತ್ತಾಯವೂ ಇಲ್ಲದೆ, ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸದಲ್ಲಿ ತಪ್ಪಾದರೆ, ಮಾಡಿದವನು ಅದಕ್ಕೆ ಹೊಣೆಯೇ? ಕೊಡುಗೆಯನ್ನು ಪರೀಕ್ಷಿಸುವ ಹಕ್ಕು ಪಡೆದವನಿಗೆ ಇದೆಯೇ? ಮದುವೆ ಮನೆಯಲ್ಲಿ ಬಡಿಸುವವರಿಂದ ಹಿಡಿದು ಮಸೀದಿ, ಮಂದಿರ, ಶಾಲೆಗಳ ಸಮಿತಿಗಳಲ್ಲಿ ದುಡಿಯುವವರವರೆಗೆ ಎಲ್ಲರಿಗೂ ತಾಗುವ ಪ್ರಶ್ನೆಯಿದು. ನನಗೆ ಮಾತ್ರ ಅದು ಕಂಪ್ಯೂಟರಿನ ಬಾಗಿಲಿಂದ ಬಂತು.

ಈ ಕೆಲಸದ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 'ಗ್ನೂ' ಎಂಬ ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 'ಲಿನಕ್ಸ್' ಬರೆಯತೊಡಗಿದರು. ಯಾರು ಬೇಕಾದರೂ ಬಳಸಬಹುದಾದ, ಒಳಗೆ ಏನಿದೆಯೆಂದು ನೋಡಬಹುದಾದ, ತಿದ್ದಿ ಇನ್ನೊಬ್ಬರಿಗೆ ಹಂಚಬಹುದಾದ ತಂತ್ರಾಂಶಗಳ ದೊಡ್ಡ ಪರಂಪರೆಯೇ ಹೀಗೆ ಬೆಳೆಯಿತು. ಕನ್ನಡ ಅಕ್ಷರಗಳಿಗೆ ಯೂನಿಕೋಡ್ ಪಟ್ಟಿಯಲ್ಲಿ 128 ಸ್ಥಾನಗಳು 1991ರಲ್ಲೇ ಮೀಸಲಾಗಿದ್ದವು. ಆದರೆ ಅಕ್ಷರವಿದ್ದ ಮಾತ್ರಕ್ಕೆ ಭಾಷೆ ಬರುವುದಿಲ್ಲ. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಮುಂತಾದವುಗಳ ಸಾವಿರಾರು ಸಾಲುಗಳನ್ನು ಯಾರಾದರೂ ಕೂತು ಕನ್ನಡಕ್ಕೆ ತರಬೇಕಾಗಿತ್ತು. ಸಂಬಳಕ್ಕಾಗಿ ಮಾಡಿದವರು ಕೆಲವರು, ಮನೆಯಲ್ಲಿ ರಾತ್ರಿ ಹೊತ್ತು ಕೂತು ಮಾಡಿದವರು ಹಲವರು. ಮುಂಬಯಿ ಐಐಟಿಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆ ಮುಕ್ತ ತಂತ್ರಾಂಶದ ಪಾಠಗಳನ್ನು ಕನ್ನಡದಲ್ಲೂ ಕೇಳಿಸಿತು. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಇಂಥ ತಂತ್ರಾಂಶಗಳನ್ನು ಕಲಿಸಿತು. ಶಾಲೆಯ ಕೋಣೆಯಲ್ಲಿ ಕನ್ನಡದ ಪರದೆಯನ್ನು ಕಂಡ ಮಗುವಿಗೆ ಅದರ ಹಿಂದೆ ದುಡಿದವರು ಯಾರೆಂದು ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.

ನನ್ನ ಮೊದಲ ಪೆಟ್ಟು ಮಂಡಿಯದಲ್ಲ, ಅದಕ್ಕೂ ಮುಂಚಿನದು. ಭಾಷಾಂತರಿಸಬೇಕಾದ ಸಾಲುಗಳು ಒಂದು ಕಡತದಲ್ಲಿ ಜೋಡಿಜೋಡಿಯಾಗಿರುತ್ತವೆ. ಮೇಲೆ ಇಂಗ್ಲಿಷ್, ಕೆಳಗೆ ನಮ್ಮದು. ಕೆಲವು ಸಾಲುಗಳ ನಡುವೆ ಶೇಕಡಾ ಗುರುತಿನ ಪಕ್ಕ ಒಂದು ಅಕ್ಷರವಿರುತ್ತದೆ. ತಂತ್ರಾಂಶ ಓಡುವಾಗ ಆ ಜಾಗದಲ್ಲಿ ಕಡತದ ಹೆಸರೋ ಪುಟದ ಸಂಖ್ಯೆಯೋ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಪುಟದ ಸಂಖ್ಯೆ ಮೊದಲು, ಕಡತದ ಹೆಸರು ಆಮೇಲೆ. ಕನ್ನಡದಲ್ಲಿ ನಾವು 'ಇಂಥ ಕಡತದ ಐದನೆಯ ಪುಟ' ಎನ್ನುತ್ತೇವೆ, ಹೆಸರು ಮೊದಲಾಗುತ್ತದೆ. ನಾನು ಕನ್ನಡದ ಜಾಯಮಾನಕ್ಕೆ ತಕ್ಕಂತೆ ಗುರುತುಗಳನ್ನು ಹಿಂದುಮುಂದು ಮಾಡಿದೆ. ಹಾಗೆ ಮಾಡುವಾಗ ಯಾವುದು ಒಂದನೆಯದು, ಯಾವುದು ಎರಡನೆಯದು ಎಂದು ಗುರುತಿನ ಒಳಗೆ ಅಂಕಿ ಹಾಕಿ ತಿಳಿಸಬೇಕು. ಅದು ನನಗೆ ಗೊತ್ತಿರಲಿಲ್ಲ.

ಈ ಕಡತಗಳೆಲ್ಲ ಸೇರಿ ಓಡುವ ತಂತ್ರಾಂಶವಾಗಿ ರೂಪುಗೊಳ್ಳುವ ಹಂತಕ್ಕೆ 'ಬಿಲ್ಡ್' ಎನ್ನುತ್ತಾರೆ. ಆ ಹಂತದಲ್ಲಿ ಪರೀಕ್ಷಿಸುವ ಸಲಕರಣೆ ನನ್ನ ಸಾಲಿನ ಬಳಿ ಬಂದು ನಿಂತುಬಿಟ್ಟಿತು. ನಿಂತದ್ದು ಕನ್ನಡ ಮಾತ್ರವಲ್ಲ, ಆ ಇಡೀ ತಂತ್ರಾಂಶ. ಜಪಾನಿ, ಪೋರ್ಚುಗೀಸ್, ತಮಿಳು, ಎಲ್ಲರೂ ಕೋಲಾರದ ಒಂದು ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಆದ ಒಂದು ತಪ್ಪಿಗಾಗಿ ಕಾಯಬೇಕಾಯಿತು. ಕಂಡರಿಯದ ದೇಶದ ಸ್ವಯಂಸೇವಕರೊಬ್ಬರು ತಪ್ಪನ್ನು ಹುಡುಕಿ, ಸರಿಪಡಿಸಿ, ಮುಂದಿನ ಸಲ ಕಳುಹಿಸುವ ಮೊದಲು ಪರೀಕ್ಷಿಸಿ ನೋಡಿ ಎಂದು ಎರಡು ಸಾಲು ಬರೆದರು. ಸೌಜನ್ಯದ ಮಾತೇ. ಆದರೂ ನನಗೆ ಚುಚ್ಚಿತು. 'ಪುಕ್ಕಟೆ ಮಾಡಿಕೊಟ್ಟವನಿಗೆ ಪಾಠ ಬೇರೆ' ಎಂದುಕೊಂಡೆ. ನನ್ನನ್ನು ಪರೀಕ್ಷಿಸಬೇಕಾದದ್ದು ಆ ಸಿಟ್ಟೇ ಆಗಿತ್ತು ಎಂದು ಈಗ ಅನಿಸುತ್ತದೆ.

ಆ ಸಿಟ್ಟಿಗೆ ಅದರದೇ ಆದ ಒಂದು ವಾದವಿದೆ. ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು. ಮುಕ್ತ ತಂತ್ರಾಂಶದ ಪರವಾನಗಿ ಪತ್ರಗಳೇ ಹೇಳುತ್ತವೆ: ಇದಕ್ಕೆ ಯಾವ ಖಾತರಿಯೂ ಇಲ್ಲ, ಬಳಸಿ ನಷ್ಟವಾದರೆ ಬರೆದವರು ಜವಾಬ್ದಾರರಲ್ಲ. ಇದರಲ್ಲಿ ನ್ಯಾಯವೂ ಇದೆ. ಕೊಟ್ಟದ್ದಕ್ಕೆಲ್ಲ ದಂಡ ತೆರಬೇಕೆಂದರೆ ಕೊಡುವವರು ಯಾರು? ದಾರಿಯಲ್ಲಿ ಬಿದ್ದವನನ್ನು ಎತ್ತಿದವನ ಮೇಲೆಯೇ ಕೇಸು ಹಾಕಿದರೆ ನಾಳೆ ಎತ್ತುವವರು ಇರುವುದಿಲ್ಲ.

ಆದರೆ ನಮ್ಮ ಕೋಲಾರ ಜಿಲ್ಲೆಯವರು ಪುಕ್ಕಟೆಯ ವಿಷಯದಲ್ಲಿ ಒಂದು ಪಾಠ ಕಲಿತಿದ್ದಾರೆ. ವರ್ಷವಿಡೀ ಹರಿಯುವ ನದಿಯಿಲ್ಲದ ನಾಡಿದು, ಕೆರೆಗಳನ್ನೇ ನಂಬಿ ಬದುಕಿದ್ದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಇಲ್ಲಿನ ಕೆರೆಗಳಿಗೆ ಹರಿಸಲಾಯಿತು. ಬತ್ತಿದ ಕೆರೆಗಳಲ್ಲಿ ನೀರು ಕಂಡು ಜನ ಸಂತೋಷಪಟ್ಟದ್ದು ನಿಜ. ಅದೇ ವರ್ಷ ಕೆರೆಯಲ್ಲಿ ನೊರೆ ಕಂಡಾಗ, ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕು ಎಂದು ಕೇಳಿದವರೂ ಇಲ್ಲಿನವರೇ. ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಅವರನ್ನು ಯಾರಾದರೂ 'ಬಿಟ್ಟಿ ಬಂದ ನೀರಿಗೆ ಹೆಸರಿಡುತ್ತೀರಾ' ಎಂದು ಸುಮ್ಮನಾಗಿಸಬಹುದೇ? ಕುಡಿಯುವವನ ದೇಹಕ್ಕೆ ನೀರು ಕೊಂಡದ್ದೋ ಬಿಟ್ಟಿ ಬಂದದ್ದೋ ಗೊತ್ತಾಗುವುದಿಲ್ಲ. ಮಂಡಿಯ ಹುಡುಗನಿಗೂ ಅಷ್ಟೇ. ಅವನ ಲೆಕ್ಕ ಹೋದದ್ದು ಹೋದದ್ದೇ, ನಾನು ಸಂಬಳ ಪಡೆದಿದ್ದರೂ ಪಡೆಯದಿದ್ದರೂ.

ಹಾಗಾದರೆ ಸ್ವಯಂಸೇವಕ ಎಲ್ಲಕ್ಕೂ ಹೊಣೆ ಎನ್ನೋಣವೇ? ಆ ಕಡೆ ಹೋದರೂ ಕತ್ತಲೆಯೇ ಇದೆ. 2024ರ ಮಾರ್ಚ್‌ನಲ್ಲಿ 'ಎಕ್ಸ್‌ಝಡ್' ಎಂಬ ಸಣ್ಣ ತಂತ್ರಾಂಶದ ಪ್ರಕರಣ ಬಯಲಿಗೆ ಬಂತು. ಕಡತಗಳನ್ನು ಅಡಕಗೊಳಿಸುವ ಆ ಸಲಕರಣೆ ಜಗತ್ತಿನ ಅಸಂಖ್ಯ ಕಂಪ್ಯೂಟರುಗಳಲ್ಲಿ ಕುಳಿತಿದೆ. ಅದನ್ನು ವರ್ಷಗಟ್ಟಲೆ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಕೆಲಸ ನಿಧಾನವಾಯಿತು, ಬೇರೆಯವರಿಗೆ ಬಿಟ್ಟುಕೊಡಿ ಎಂದು ಕೆಲವರು ಅವರನ್ನು ಪೀಡಿಸಿದರು. ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದು ಅವರು ಹೇಳಿಕೊಂಡರೂ ಒತ್ತಡ ನಿಲ್ಲಲಿಲ್ಲ. ಆಗ ಸಹಾಯಕ್ಕೆಂದು ಬಂದ ಒಬ್ಬ ಅಪರಿಚಿತ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, ಕೊನೆಗೆ ಬಿಲ್ಡ್ ಮಾಡುವ ಹಂತದಲ್ಲಿ ಸೇರಿಕೊಳ್ಳುವಂತೆ ಕಳ್ಳಬಾಗಿಲೊಂದನ್ನು ಬಚ್ಚಿಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ಕಂಪ್ಯೂಟರಿಗೆ ದೂರದಿಂದ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿದ್ದರಿಂದ ಅದು ಪತ್ತೆಯಾಯಿತು. ಪುಕ್ಕಟೆ ದುಡಿಯುವವನಿಂದ ಸಂಬಳದವನಿಗಿಂತ ಹೆಚ್ಚು ಹಿಂಡಲು ಹೋದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಇನ್ನೊಂದು ಪ್ರಕರಣ ಭಾಷೆಗೇ ಸಂಬಂಧಿಸಿದ್ದು. ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯಾದಲ್ಲಿ ಸಾವಿರಾರು ಲೇಖನಗಳನ್ನು ಬರೆದವನು ಆ ಭಾಷೆಯೇ ಬಾರದ ಅಮೆರಿಕದ ಒಬ್ಬ ಹುಡುಗ ಎಂದು 2020ರ ಆಗಸ್ಟ್‌ನಲ್ಲಿ ತಿಳಿಯಿತು. ಅವನು ಹನ್ನೆರಡನೆಯ ವಯಸ್ಸಿಗೇ ಶುರು ಮಾಡಿದ್ದ. ಇಂಗ್ಲಿಷ್ ವಾಕ್ಯಗಳಲ್ಲಿ ಪದಗಳನ್ನು ಬದಲಿಸುತ್ತಾ ಹೋಗಿದ್ದ. ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ಒಂದು ಸಣ್ಣ ಭಾಷೆ ಜಗತ್ತಿಗೆ ತಪ್ಪಾಗಿ ಕಂಡಿತು. ವಿಷಯ ಬಯಲಾದಾಗ ಜನ ಅವನನ್ನು ಬೈದ ಬೈಗುಳವೂ ಸಣ್ಣದಲ್ಲ. ಅಲ್ಲಿ ಎರಡು ತಪ್ಪುಗಳಾದವು. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಕೊಟ್ಟದ್ದು ಒಂದು, ಕೊಟ್ಟವನು ಮನುಷ್ಯನೆಂಬುದನ್ನು ಪಡೆದವರು ಮರೆತದ್ದು ಇನ್ನೊಂದು.

ಈ ಎರಡು ದಡಗಳ ನಡುವೆ ದಾರಿ ಎಲ್ಲಿದೆ? ನನಗೆ ಅದನ್ನು ತೋರಿಸಿದ್ದು ನಮ್ಮ ಬೇಸಿಗೆಯ ಅರವಟ್ಟಿಗೆ. ಮುಳಬಾಗಿಲಿನ ದಾರಿಯಲ್ಲಿ ಹಿಂದೆ ಬೇಸಿಗೆ ಬಂತೆಂದರೆ ಯಾರಾದರೂ ಪುಣ್ಯವಂತರು ಚಪ್ಪರ ಹಾಕಿ ಮಡಕೆಗಳಲ್ಲಿ ನೀರಿಡುತ್ತಿದ್ದರು. ಅವರು ಅರವಟ್ಟಿಗೆ ಇಡಲೇಬೇಕೆಂದು ಯಾರೂ ಕೇಳುವಂತಿಲ್ಲ. ಎಷ್ಟು ಮಡಕೆ ಇಡಬೇಕು, ಮುಂದಿನ ವರ್ಷವೂ ಇಡಬೇಕೇ ಎನ್ನುವುದು ಅವರ ಇಷ್ಟ. ಆದರೆ ಇಟ್ಟ ಮೇಲೆ ನೀರು ಕೊಳೆತಿರಬಾರದು. ಮಡಕೆ ಖಾಲಿಯಾದರೆ ಅದನ್ನು ಬೋರಲು ಹಾಕಬೇಕು, ದಾರಿಹೋಕ ಅದನ್ನು ನಂಬಿ ಮುಂದಿನ ಬಾವಿಯನ್ನು ಬಿಟ್ಟು ಬರಬಾರದು. ದಾರಿಹೋಕನೂ ಕುಡಿದು ಮಡಕೆ ಒಡೆದು ಹೋಗಬಾರದು.

ಅಂದರೆ ಪುಕ್ಕಟೆ ಕೊಡುವವನು ಎಷ್ಟು ಕೊಡಬೇಕು, ಎಷ್ಟು ದಿನ ಕೊಡಬೇಕು ಎಂಬ ಲೆಕ್ಕದಿಂದ ಮುಕ್ತ. ಆದರೆ ತಾನು ಕೊಡುತ್ತಿರುವುದು ಏನೆಂದು ನಿಜ ಹೇಳುವ ಕರ್ತವ್ಯದಿಂದ ಮುಕ್ತನಲ್ಲ. ಸಂಬಳ ಎನ್ನುವುದು ದುಡಿಮೆಯ ಪ್ರಮಾಣಕ್ಕೆ ಸಂಬಂಧಿಸಿದ ಒಪ್ಪಂದ. ಪ್ರಾಮಾಣಿಕತೆಗೆ ಸಂಬಳದ ಹಂಗಿಲ್ಲ. ಸಂಬಳವಿಲ್ಲದೆ ಹೇಳಿದ ಸುಳ್ಳೂ ಸುಳ್ಳೇ ತಾನೆ?

ಬಿಟ್ಟುಹೋಗುವುದಕ್ಕೂ ಒಂದು ರೀತಿಯಿದೆ. 2016ರ ಮಾರ್ಚ್‌ನಲ್ಲಿ ಒಬ್ಬ ಕಾರ್ಯಕ್ರಮ ಬರಹಗಾರ ಹೆಸರಿನ ತಕರಾರೊಂದರಿಂದ ಬೇಸತ್ತು, ತಾನು ಪುಕ್ಕಟೆ ಹಂಚಿದ್ದ ಸಂಕೇತಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡ. ಅದರಲ್ಲಿ 'ಲೆಫ್ಟ್‌ಪ್ಯಾಡ್' ಎಂಬ ಹನ್ನೊಂದು ಸಾಲಿನ ತುಣುಕೂ ಇತ್ತು. ಅದು ಸಿಗದೆ ಜಗತ್ತಿನಾದ್ಯಂತ ಸಾವಿರಾರು ಬಿಲ್ಡ್‌ಗಳು ನಿಂತವು. ತನ್ನದನ್ನು ತಾನು ತೆಗೆದುಕೊಂಡನೆಂದು ಕೆಲವರು ಅವನ ಪರ ನಿಂತರು. ಅವನಿಗೆ ಅನ್ಯಾಯವಾಗಿರಲೂಬಹುದು. ಆದರೆ ಹತ್ತು ಮನೆಯವರು ನೀರು ಸೇದುವ ಬಾವಿಯನ್ನು ಪಂಚಾಯಿತಿಯ ಮೇಲಿನ ಸಿಟ್ಟಿಗೆ ಮುಚ್ಚಿದರೆ, ಬಾಯಾರುವುದು ಪಂಚಾಯಿತಿಯವರಿಗಲ್ಲ. ಹೊರಡುವವನು ಹೊರಡಲಿ, ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೊರಡಲಿ.

ಭಾಷಾಂತರದ ಕಡತದಲ್ಲಿ ಈ ಪ್ರಾಮಾಣಿಕತೆಗೆಂದೇ ಒಂದು ಗುರುತಿದೆ. ಅದಕ್ಕೆ 'ಫಝಿ' ಎನ್ನುತ್ತಾರೆ, ಮಸುಕು ಎಂದರ್ಥ. ಅನುವಾದ ಸರಿಯಿದೆಯೋ ಇಲ್ಲವೋ ಎಂದು ಅನುಮಾನವಿದ್ದರೆ ಆ ಸಾಲಿಗೆ ಈ ಗುರುತು ಹಾಕಬೇಕು. ಬಿಲ್ಡ್ ಆಗುವಾಗ ಅಂಥ ಸಾಲನ್ನು ಬಿಟ್ಟು, ಬಳಕೆದಾರನಿಗೆ ಮೂಲ ಇಂಗ್ಲಿಷನ್ನೇ ತೋರಿಸಲಾಗುತ್ತದೆ. ನಮ್ಮ ಮನೆಯ ಉರ್ದುವಿನಲ್ಲಿ 'ಅಮಾನತ್' ಎಂದರೆ ಇನ್ನೊಬ್ಬರು ನಂಬಿ ಕೊಟ್ಟ ವಸ್ತು. ಕನ್ನಡದ ಕಚೇರಿಗಳಲ್ಲಿ ಅದೇ ಪದ 'ಅಮಾನತು' ಆಗಿ, ತಾತ್ಕಾಲಿಕವಾಗಿ ತಡೆಹಿಡಿಯುವುದು ಎಂಬ ಅರ್ಥವನ್ನೂ ಪಡೆದಿದೆ. ಮಸುಕಿನ ಗುರುತು ಹಾಕುವಾಗ ಎರಡು ಅರ್ಥಗಳೂ ಕೂಡುತ್ತವೆ. ಓದುಗನ ನಂಬಿಕೆ ನನ್ನ ಬಳಿ ಅಮಾನತ್ತಾಗಿದೆ, ಆದ್ದರಿಂದ ನನ್ನ ಸಾಲನ್ನು ಅಮಾನತಿನಲ್ಲಿಡುತ್ತೇನೆ.

ನಾನು ಆ ಗುರುತನ್ನು ಯಾಕೆ ಹಾಕಲಿಲ್ಲ? ನಿಜ ಹೇಳುವುದಾದರೆ ಹೆಮ್ಮೆಯಿಂದ. ಎಷ್ಟು ಶೇಕಡಾ ಅನುವಾದ ಮುಗಿದಿದೆ ಎಂದು ಎಲ್ಲ ಭಾಷೆಗಳನ್ನೂ ಸಾಲಾಗಿ ತೋರಿಸುವ ಪಟ್ಟಿಯೊಂದಿರುತ್ತದೆ. ಮಸುಕಿನ ಸಾಲುಗಳು ಲೆಕ್ಕಕ್ಕೆ ಬರುವುದಿಲ್ಲ. ತಮಿಳು, ತೆಲುಗು ಮುಂದಿವೆ, ಕನ್ನಡ ಹಿಂದಿದೆ ಎಂಬ ಸಂಕಟದಲ್ಲಿ ನಾನು ಅಂಕಿಯನ್ನು ಏರಿಸಲು ಹೊರಟಿದ್ದೆ. ಕನ್ನಡದ ಹೆಸರಿನಲ್ಲಿ ಮಾಡಿದ ಆ ಆತುರದಲ್ಲಿ ಕನ್ನಡ ಓದುವ ಒಬ್ಬ ಹುಡುಗನೇ ನನಗೆ ಮರೆತುಹೋಗಿದ್ದ. ಒಳ್ಳೆಯ ಉದ್ದೇಶ ಇತ್ತಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಉದ್ದೇಶ ಒಳ್ಳೆಯದೆಂದು ನಂಬಿದವನು ಪರೀಕ್ಷೆಗೆ ಹೆದರಬಾರದಲ್ಲವೇ?

ಬಿಲ್ಡ್ ನಿಲ್ಲಿಸಿದ ನನ್ನ ಮೊದಲ ತಪ್ಪು ಈಗ ನನಗೆ ದೊಡ್ಡದೆನಿಸುವುದಿಲ್ಲ. ಅದು ಗದ್ದಲ ಮಾಡಿ ಸಿಕ್ಕಿಬಿದ್ದ ತಪ್ಪು. ಗುರುತು ಹಿಂದುಮುಂದಾದರೆ, ಪುಟದ ರಚನೆಯಲ್ಲಿ ತೆರೆದ ಆವರಣ ಮುಚ್ಚದೆ ಉಳಿದರೆ, ಯಂತ್ರ ತಕ್ಷಣ ನಿಂತು ಹೇಳುತ್ತದೆ. 'ಮೇಲೆ ಬರೆ' ಎಂಬುದನ್ನು ಯಾವ ಯಂತ್ರವೂ ತಡೆಯಲಿಲ್ಲ. ಗುರುತುಗಳೆಲ್ಲ ಸರಿಯಿದ್ದವು, ಕಾಗುಣಿತ ಸರಿಯಿತ್ತು, ಬಿಲ್ಡ್ ಸಲೀಸಾಗಿ ಮುಗಿಯಿತು. ನೀತಿಯ ವಿಷಯದಲ್ಲೂ ಹೀಗೆಯೇ. ಕಾನೂನಿಗೆ ಸಿಕ್ಕಿಬೀಳುವ ತಪ್ಪುಗಳಿಗಿಂತ ಸಿಕ್ಕದೆ ಉಳಿಯುವ ತಪ್ಪುಗಳೇ ಮನುಷ್ಯನ ಮನಸ್ಸಾಕ್ಷಿಗೆ ಹೆಚ್ಚು ಕೆಲಸ ಕೊಡುತ್ತವೆ.

ನಮ್ಮ ಈ ಸೀಮೆಗೆ ಭಾಷಾಂತರ ಹೊಸದಲ್ಲ. ಮನೆಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಚಿನ್ನದ ಗಣಿಯ ಕಡೆ ಹೋದರೆ ತಮಿಳು. ಇಲ್ಲಿನ ಮಗು ಒಂದೇ ದಿನದಲ್ಲಿ ಎಷ್ಟೋ ಸಲ ಭಾಷಾಂತರ ಮಾಡುತ್ತದೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಪಾರಸಿಯ ಉಮರ್ ಖಯ್ಯಾಮನನ್ನು ಫಿಟ್ಜ್‌ಜೆರಾಲ್ಡನ ಇಂಗ್ಲಿಷಿನ ಮೂಲಕ 'ಉಮರನ ಒಸಗೆ'ಯಾಗಿ ಕನ್ನಡಕ್ಕೆ ತಂದರು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಸರ್ಕಾರಿ ನೌಕರಿಯ ನಡುವೆಯೇ ಕನ್ನಡದಲ್ಲಿ ಬರೆದ ಅವರು 'ಕನ್ನಡದ ಆಸ್ತಿ' ಎನಿಸಿಕೊಂಡರು. ಅವರ ಸಾಧನೆಯ ಪಕ್ಕದಲ್ಲಿ ಸಹಾಯದ ಪುಟಗಳ ಅನುವಾದವನ್ನು ಇಟ್ಟು ನೋಡುವುದು ಸರಿಯಲ್ಲ. ಆದರೂ ಒಂದು ವ್ಯತ್ಯಾಸ ಗಮನಿಸಬೇಕು. ಕಾವ್ಯದಲ್ಲಿ ಒಂದು ಪದ ಜಾರಿದರೆ ರಸಿಕ ಕೊರಗುತ್ತಾನೆ. ಸಹಾಯದ ಪುಟದಲ್ಲಿ ಜಾರಿದರೆ ಯಾರದೋ ಲೆಕ್ಕ, ಯಾರದೋ ಅರ್ಜಿ, ಯಾರದೋ ಅಂಕಪಟ್ಟಿ ಕಳೆದುಹೋಗುತ್ತದೆ.

ಇಂದು ಈ ಪ್ರಶ್ನೆ ಇನ್ನಷ್ಟು ಹರಿತವಾಗಿದೆ. ನಾನು ಒಂದು ವಾರ ಕೂತು ಮಾಡುತ್ತಿದ್ದ ಸಾಲುಗಳನ್ನು ಯಂತ್ರಾನುವಾದ ಕೆಲವೇ ನಿಮಿಷಗಳಲ್ಲಿ ಮಾಡಿ ಬಿಸಾಡುತ್ತದೆ. ಕನ್ನಡವೂ ಈಗ ಹಿಂದಿಗಿಂತ ಮೇಲು. ಯಂತ್ರವನ್ನು ಬಳಸುವುದರಲ್ಲಿ ತಪ್ಪೇನಿಲ್ಲ. ಆದರೆ ಅದು ಕೊಟ್ಟದ್ದನ್ನು ಓದಿಯೂ ನೋಡದೆ ತನ್ನ ಹೆಸರಿನಲ್ಲಿ ಒಪ್ಪಿಸಿದರೆ, ಅದು ಕೊಡುಗೆಯಲ್ಲ. ಅದನ್ನು ಪರೀಕ್ಷಿಸುವ ದುಡಿಮೆಯನ್ನು ಇನ್ನೊಬ್ಬ ಸ್ವಯಂಸೇವಕನ ತಲೆಗೆ ಕಟ್ಟಿದಂತಾಯಿತು. ಯಂತ್ರಕ್ಕೆ ಶ್ರೀನಿವಾಸಪುರದ ಮಂಡಿ ಗೊತ್ತಿಲ್ಲ, ಮುಂಗಡ ಪಡೆದ ರೈತನ ಮುಖ ಗೊತ್ತಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಯಂತ್ರದಂತೆ ಅನುವಾದಿಸಿದ್ದು ನನ್ನ ತಪ್ಪು.

ಮಂಡಿಯ ಕತೆ ಮುಗಿಸುತ್ತೇನೆ. ಎರಡು ಭಾನುವಾರ ಆ ಹುಡುಗನ ಜೊತೆ ಕೂತು, ಪಟ್ಟಿ ಪುಸ್ತಕಗಳ ಕಾರ್ಬನ್ ಪ್ರತಿಗಳಿಂದ ಲೆಕ್ಕವನ್ನು ಮತ್ತೆ ಜೋಡಿಸಿದೆವು. ಒಬ್ಬ ರೈತರ ಮುಂಗಡದಲ್ಲಿ ಮೂರು ಸಾವಿರ ರೂಪಾಯಿ ಕೊನೆಗೂ ತಾಳೆಯಾಗಲಿಲ್ಲ. ಹುಡುಗ ಅದನ್ನು ತನ್ನ ಸಂಬಳದಲ್ಲಿ ಮುರಿದುಕೊಳ್ಳಲಿ ಎಂದ. ಅಲ್ಲಿಯವರೆಗೆ ಸುಮ್ಮನಿದ್ದ ನಾನು ಆಗ ಸಾಹುಕಾರರ ಎದುರಿಗೇ ಹೇಳಿದೆ, ಆ ಸಾಲು ನನ್ನದು ಎಂದು. ಹೇಳಲು ಎರಡು ವಾರ ಹಿಡಿದದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ. ಸಾಹುಕಾರರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ನಾನು ಕೊಡಲು ಹೋದ ಹಣವನ್ನು ತೆಗೆದುಕೊಳ್ಳಲಿಲ್ಲ, ರೈತರ ಮಾತನ್ನೇ ನಂಬಿ ಲೆಕ್ಕ ಮುಗಿಸಿದರು. ನಷ್ಟ ಅವರದಾಯಿತು. ಪರವಾನಗಿಯ ಪ್ರಕಾರ ಯಾರೂ ಹೊಣೆಯಲ್ಲದ ತಪ್ಪನ್ನು ಆ ದಿನ ಮೂವರು ತಮ್ಮದೆಂದು ಹೊತ್ತುಕೊಂಡರು.

ಹುಡುಗ ಮಾತ್ರ ಬೇರೆಯೇ ಕೇಳಿದ. "ಸಾರ್, ಇದು ನೀವು ಬರೆದದ್ದಾ? ಯಾರೋ ಕಂಪನಿಯೋರು ಬರೆದಿರ್ತಾರೆ ಅಂದ್ಕೊಂಡಿದ್ದೆ. ಹಾಗಾದ್ರೆ ತಿದ್ದೋಕೂ ಆಗುತ್ತಾ?"

ಆಗುತ್ತದೆ ಎಂದೆ. ಏನೆಂದು ಬರೆಯಲಿ ಎಂದು ಅವನನ್ನೇ ಕೇಳಿದೆ. ಅವನು ಯೋಚಿಸಲೂ ಇಲ್ಲ. "ಹಳೇದು ಹೋಗುತ್ತೆ, ಪರವಾಗಿಲ್ವಾ ಅಂತ ಕೇಳ್ಲಿ ಸಾರ್."

ಅಂದು ರಾತ್ರಿ ಆ ಸಾಲನ್ನು ತಿದ್ದಿದೆ: 'ಹಳೆಯದು ಹೋಗುತ್ತದೆ. ಮುಂದುವರಿಯಬೇಕೇ?' ಕಳುಹಿಸುವ ಮೊದಲು ಇಡೀ ಕಡತವನ್ನು ಪರೀಕ್ಷಿಸಿ ನೋಡಿದೆ. ಅನುಮಾನವಿದ್ದ ಇಪ್ಪತ್ತಮೂರು ಸಾಲುಗಳಿಗೆ ಮಸುಕಿನ ಗುರುತು ಹಾಕಿದೆ. ಪಟ್ಟಿಯಲ್ಲಿ ಕನ್ನಡದ ಶೇಕಡಾ ಸ್ವಲ್ಪ ಕೆಳಗಿಳಿಯಿತು.